ಓದುಗರ ಪ್ರಶ್ನೆ: ದೊಡ್ಡ ಆರ್ಥಿಕ ಕುಸಿತ ಬಂದರೆ ಸರ್ಕಾರದ ಯಾವ ಯೋಜನೆ ನಮ್ಮ ಬಾಗಿಲಿಗೆ ಬರುತ್ತದೆ?

ಹೋದ ಸಂಚಿಕೆಯಲ್ಲಿ 1930ರ ದಶಕದ ಆರ್ಥಿಕ ಮಹಾಕುಸಿತದ ಬಗ್ಗೆ ಒಬ್ಬರು ಕೇಳಿದ್ದರು. ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಮುಂಬೈ, ಪುಣೆ, ವಾಸ್ಕೋದಿಂದೆಲ್ಲ ಪತ್ರ ಬಂದಿವೆ. ಅಂಥದ್ದೇ ಮತ್ತೆ ಬಂದರೆ ನಮ್ಮ ಗತಿ ಏನು, ಸರ್ಕಾರ ಏನು ಮಾಡುತ್ತದೆ ಅನ್ನೋದೇ ಎಲ್ಲರ ಪ್ರಶ್ನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಡೊಂಬಿವಲಿಯ ಕಾಲೇಜು ವಿದ್ಯಾರ್ಥಿನಿ: ಸರ್, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ‘ನ್ಯೂ ಡೀಲ್’ ಅನ್ನೋ ಪರಿಹಾರ ಯೋಜನೆಗಳನ್ನು ತಂದು ದೇಶವನ್ನು ಮೇಲೆತ್ತಿದರು ಅಂತ ನಮ್ಮ ಪುಸ್ತಕದಲ್ಲಿ ಒಂದು ಪ್ಯಾರಾ ಇದೆ. ನಮ್ಮಣ್ಣ ಅದೆಲ್ಲ ಸುಳ್ಳು, ಎರಡನೇ ಮಹಾಯುದ್ಧ ಬಂದ ಮೇಲೇ ಸರಿಹೋದದ್ದು ಅಂತಾನೆ. ಯಾರ ಮಾತು ಸರಿ?

ಇಬ್ಬರದ್ದೂ ಸ್ವಲ್ಪ ಸ್ವಲ್ಪ ಸರಿ. ಆದರೆ ಅಣ್ಣನಿಗೆ ಒಂದು ಮಾತು ಕೇಳಿ ನೋಡಿ. ಯುದ್ಧದ ಕಾಲದಲ್ಲಿ ಆದದ್ದಾದರೂ ಏನು? ಸರ್ಕಾರ ಸಾಲ ಮಾಡಿ ಹಣ ಸುರಿಯಿತು, ಸಿಕ್ಕವರಿಗೆಲ್ಲ ಕೆಲಸ ಕೊಟ್ಟಿತು. ಅದನ್ನೇ ರೂಸ್‌ವೆಲ್ಟ್ ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿದ್ದರು. ಅವರ ತಪ್ಪು ಹಣ ಸುರಿದದ್ದಲ್ಲ, ಸಾಕಷ್ಟು ಸುರಿಯದೇ ಹೋದದ್ದು ಎಂದು ವಾದಿಸುವ ಅರ್ಥಶಾಸ್ತ್ರಜ್ಞರೂ ಬಹಳ ಜನ ಇದ್ದಾರೆ.

ಆಗಿನ ಸ್ಥಿತಿ ಹೇಗಿತ್ತು ಅಂದರೆ, 1929ರ ಅಕ್ಟೋಬರ್‌ನಲ್ಲಿ ಷೇರು ಪೇಟೆ ಬಿತ್ತು, 1933ರ ಹೊತ್ತಿಗೆ ಕೆಲಸ ಮಾಡಬಲ್ಲ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ, ಸುಮಾರು 9,000 ಬ್ಯಾಂಕು ಮುಳುಗಿದ್ದವು, ಕೂಡಿಟ್ಟ ಹಣಕ್ಕೆ ಯಾವ ಖಾತ್ರಿಯೂ ಇರಲಿಲ್ಲ. ಹಿಂದಿನ ಅಧ್ಯಕ್ಷ ಹೂವರ್ ಕೈಕಟ್ಟಿ ಕೂತಿದ್ದರು ಅಂತ ಎಲ್ಲರೂ ಬರೆಯುತ್ತಾರೆ. ಅದೂ ನಿಜವಲ್ಲ. ಬ್ಯಾಂಕು, ರೈಲ್ವೆ ಕಂಪನಿಗಳಿಗೆ ಸಾಲ ಕೊಡಲು 1932ರಲ್ಲಿ ಅವರೇ ಒಂದು ಸಂಸ್ಥೆ ಮಾಡಿದ್ದರು. ಆದರೆ ಅದೇ ವರ್ಷ ಬಜೆಟ್ ಸರಿದೂಗಿಸಬೇಕು ಅಂತ ತೆರಿಗೆಯನ್ನೂ ಏರಿಸಿದರು. ಜನರ ಜೇಬು ಖಾಲಿ ಇರುವಾಗ ಅಲ್ಲಿಂದಲೇ ಇನ್ನಷ್ಟು ತೆಗೆದರೆ ಅಂಗಡಿಗೆ ಯಾರು ಬರುತ್ತಾರೆ?

ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದದ್ದು 1933ರ ಮಾರ್ಚ್ 4ರಂದು. ಎರಡೇ ದಿನದಲ್ಲಿ ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿ, ಲೆಕ್ಕ ನೋಡಿ, ಗಟ್ಟಿ ಇದ್ದವನ್ನು ಮಾತ್ರ ತೆರೆಸಿದರು. ನನಗೆ ಇಷ್ಟವಾಗುವುದು ಆ ವರ್ಷದ ವೇಗ. ಪರಿಹಾರದ ಕೆಲಸ ನೋಡಿಕೊಂಡ ಹ್ಯಾರಿ ಹಾಪ್‌ಕಿನ್ಸ್ ಕುರ್ಚಿಯಲ್ಲಿ ಕೂತ ಮೊದಲ ಎರಡು ಗಂಟೆಯಲ್ಲೇ 50 ಲಕ್ಷ ಡಾಲರ್ ರಾಜ್ಯಗಳಿಗೆ ಮಂಜೂರು ಮಾಡಿದರು ಎನ್ನುತ್ತಾರೆ. ಆ ನವೆಂಬರ್‌ನಲ್ಲಿ ಚಳಿಗಾಲಕ್ಕೆಂದು ತಾತ್ಕಾಲಿಕ ಕೆಲಸದ ಯೋಜನೆ ಶುರು ಮಾಡಿ, ಜನವರಿ ಹೊತ್ತಿಗೆ 40 ಲಕ್ಷ ಜನರನ್ನು ಪಗಾರಕ್ಕೆ ಹಚ್ಚಿದರು. ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ. ನಮ್ಮಲ್ಲಿ ಇವತ್ತು ಒಂದು ಅರ್ಜಿ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ದಿನ ಬೇಕು, ಹೇಳಿ.

ಯುವಕರಿಗೆ ಬೇರೆಯೇ ಯೋಜನೆ ಇತ್ತು. ಕಾಡಿನಲ್ಲಿ ಕ್ಯಾಂಪ್, ಗಿಡ ನೆಡುವುದು, ಮಣ್ಣು ಕೊಚ್ಚಿಹೋಗದಂತೆ ಒಡ್ಡು ಕಟ್ಟುವುದು. ತಿಂಗಳಿಗೆ 30 ಡಾಲರ್ ಪಗಾರ, ಅದರಲ್ಲಿ ಸುಮಾರು 25 ಡಾಲರ್ ನೇರ ಮನೆಗೇ ಹೋಗುತ್ತಿತ್ತು. ನಮ್ಮ ಹಿರಿಯರು ಮುಂಬೈ ಫೋರ್ಟ್‌ನ ಹೋಟೆಲುಗಳಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರಲ್ಲ, ಹಾಗೆ. ಆದರೆ ಇಲ್ಲಿ ಮನಿಯಾರ್ಡರ್ ಕಡ್ಡಾಯ. ಹುಡುಗನ ಕೈಯಲ್ಲಿ ಹಣ ಕರಗುವ ಮೊದಲೇ ಊರಿನ ಕಿರಾಣಿ ಅಂಗಡಿಗೆ ತಲುಪುತ್ತಿತ್ತು. 1935ರಲ್ಲಿ ಇನ್ನೂ ದೊಡ್ಡ ಕೆಲಸದ ಯೋಜನೆ ಬಂತು, ಎಂಟು ವರ್ಷದಲ್ಲಿ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ನ್ಯೂಯಾರ್ಕ್‌ನ ಲಗಾರ್ಡಿಯಾ ವಿಮಾನ ನಿಲ್ದಾಣ ಆಗ ಕಟ್ಟಿದ್ದು.

ಪುಸ್ತಕದ ಪ್ಯಾರಾ ಬಿಟ್ಟ ಸಂಗತಿಗಳೂ ಇವೆ. ಬೆಲೆ ಏರಲಿ ಎಂದು 1933ರಲ್ಲಿ ಹೊಲದಲ್ಲಿದ್ದ ಹತ್ತಿ ಬೆಳೆಯ ಒಂದು ಭಾಗವನ್ನು ಉತ್ತು ಹಾಳುಮಾಡಿಸಿದರು, ಸುಮಾರು 60 ಲಕ್ಷ ಹಂದಿ ಕೊಲ್ಲಿಸಿದರು. ಜನ ಹಸಿದಿದ್ದ ವರ್ಷ ಅದು! 1935ರ ಸಾಮಾಜಿಕ ಭದ್ರತೆ ಕಾಯ್ದೆಯಲ್ಲಿ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು, ಅವರಲ್ಲಿ ಬಹಳಷ್ಟು ಜನ ಕಪ್ಪು ಜನಾಂಗದವರು. ಮತ್ತೆ 1937ರಲ್ಲಿ ಪರಿಸ್ಥಿತಿ ಸುಧಾರಿಸಿತು ಅಂತ ರೂಸ್‌ವೆಲ್ಟ್ ಅವರೇ ಖರ್ಚು ಕಡಿಮೆ ಮಾಡಿದರು. ಒಂದೇ ವರ್ಷದಲ್ಲಿ ನಿರುದ್ಯೋಗ ಶೇ. 14ರಿಂದ 19ಕ್ಕೆ ಹಾರಿತು. ಅಣ್ಣನ ಜತೆ ಜಗಳಕ್ಕೆ ಈ 1937 ಸಾಕು. ಹಣ ನಿಲ್ಲಿಸಿದ ಕೂಡಲೇ ಮತ್ತೆ ಬಿತ್ತು ಅಂದರೆ, ಅಲ್ಲಿಯವರೆಗೆ ಎತ್ತಿ ಹಿಡಿದದ್ದು ಯಾವುದು?

ಘಾಟ್ಕೋಪರ್‌ನ ಅಕೌಂಟೆಂಟ್: ಪ್ರತಿ ತಿಂಗಳು ನನ್ನ ಪಗಾರದಿಂದ 200 ರೂಪಾಯಿ ಪಿ.ಟಿ. (ವೃತ್ತಿ ತೆರಿಗೆ) ಅಂತ ಕಟ್ ಆಗುತ್ತದೆ, ಫೆಬ್ರುವರಿಯಲ್ಲಿ 300. ಇಷ್ಟು ವರ್ಷ ಕಟ್ಟಿದ್ದೇನೆ. ನಾಳೆ ಕೆಲಸ ಹೋದರೆ ಇದರಿಂದ ನನಗೇನಾದರೂ ಸಿಗುತ್ತದಾ?

ಏನೂ ಸಿಗುವುದಿಲ್ಲ. ಆದರೆ ಆ ದುಡ್ಡಿನ ಕಥೆ ನಿಮಗೆ ಗೊತ್ತಿರಬೇಕು, ಮುಂಬೈಯಲ್ಲಿ ಪಗಾರ ತೆಗೆದುಕೊಳ್ಳುವ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ.

1972-73ರಲ್ಲಿ ಮಹಾರಾಷ್ಟ್ರಕ್ಕೆ ಭಾರಿ ಬರ ಬಿತ್ತು. 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತ, ಕೆರೆ ತೋಡುತ್ತ ಇದ್ದರು. ಅಷ್ಟು ಜನಕ್ಕೆ ಕೂಲಿ ಕೊಟ್ಟದ್ದರಿಂದಲೇ ಆ ಬರ ಕ್ಷಾಮ ಆಗಲಿಲ್ಲ. ಅದಕ್ಕೂ ಮೊದಲು 1960ರ ದಶಕದಲ್ಲೇ ವಿ. ಎಸ್. ಪಾಗೆ ಎಂಬ ಗಾಂಧಿವಾದಿ ಸಾಂಗ್ಲಿ ಜಿಲ್ಲೆಯಲ್ಲಿ ಇಂಥ ಪ್ರಯೋಗ ಮಾಡಿಸಿದ್ದರು, ಅವರು ವಿಧಾನ ಪರಿಷತ್ತಿನ ಅಧ್ಯಕ್ಷರೂ ಆಗಿದ್ದವರು. ಬರ ಬಂದಾಗ ಅದೇ ದೊಡ್ಡದಾಯಿತು. ಅದೇ ‘ರೋಜಗಾರ್ ಹಮಿ’, ಅಂದರೆ ಉದ್ಯೋಗ ಖಾತ್ರಿ. 1977ರಲ್ಲಿ ಕಾಯ್ದೆ ಮಾಡಿ 1979ರ ಜನವರಿ 26ರಿಂದ ಜಾರಿ ಮಾಡಿದರು. ಹಳ್ಳಿಯವನು ಕೆಲಸ ಕೇಳಿದರೆ 15 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಭತ್ಯೆ ಕೊಡಬೇಕು.

ದುಡ್ಡು ಎಲ್ಲಿಂದ? 1975ರಲ್ಲಿ ಹಾಕಿದ ವೃತ್ತಿ ತೆರಿಗೆಯಿಂದ. ನಿಮ್ಮ ಪಿ.ಟಿ. ಅದೇ. ನಗರದ ಪಗಾರದವರು ಎಷ್ಟು ಕೊಡುತ್ತಾರೋ ಅಷ್ಟನ್ನು ಸರ್ಕಾರವೂ ಹಾಕಬೇಕು ಎಂದು ನಿಯಮ ಮಾಡಿದರು. ಮುಂಬೈಯ ಗುಮಾಸ್ತ ಕೊಟ್ಟ ಹಣದಿಂದ ಬೀಡ್, ಸೋಲಾಪುರದ ಕೂಲಿಯವನಿಗೆ ಕಾನೂನಿನ ಬಲ ಇರುವ ಹಕ್ಕು ಬಂತು. 2005ರಲ್ಲಿ ಇಡೀ ದೇಶಕ್ಕೆಂದು ಕಾಯ್ದೆಯಾದ ನರೇಗಾಕ್ಕೆ ಇದೇ ಮಾದರಿ.

ಇದು ಮೋಸ ಅಂತ ನನಗೆ ಅನಿಸುವುದಿಲ್ಲ. ಅಲ್ಲಿ ಕೂಲಿ ಸಿಗದವರು ದಾದರ್ ಸ್ಟೇಷನ್ನಿಗೇ ಬಂದು ಇಳಿಯುತ್ತಾರೆ, ಇಲ್ಲಿನ ಕೂಲಿಯೂ ಇಳಿಯುತ್ತದೆ. ನನ್ನ ತಕರಾರು ಬೇರೆ. ಹಳ್ಳಿಗೆ ಖಾತ್ರಿ ಕೊಟ್ಟ ನಗರಕ್ಕೆ ಸ್ವಂತ ಖಾತ್ರಿ ಇಲ್ಲ! ಕೇರಳ 2010ರಲ್ಲೇ ನಗರದವರಿಗೂ ಇಂಥ ಯೋಜನೆ ಮಾಡಿತು, ರಾಜಸ್ಥಾನ 2022ರಲ್ಲಿ ಮಾಡಿತು. ದೇಶಕ್ಕೆ ಪಾಠ ಹೇಳಿಕೊಟ್ಟ ಮಹಾರಾಷ್ಟ್ರ ಮುಂಬೈ, ಪುಣೆಯ ಮಟ್ಟಿಗೆ ಸುಮ್ಮನೆ ಕೂತಿದೆ.

ಇದರ ಫಲ ಕೊರೊನಾ ಬಂದ 2020ರಲ್ಲಿ ಕಂಡಿತು. ಹಳ್ಳಿಯಲ್ಲಿ ಜಾಬ್ ಕಾರ್ಡ್ ಇತ್ತು, ಪಂಚಾಯತಿ ಇತ್ತು, ಕಾಮಗಾರಿಯ ಪಟ್ಟಿ ಇತ್ತು. ಬಜೆಟ್ಟಿನ 61,500 ಕೋಟಿಯ ಮೇಲೆ ಇನ್ನೂ 40,000 ಕೋಟಿ ಹಾಕಿದ್ದೇ ತಡ, ಕೆಲಸ ನಡೆಯಿತು. ಆ ವರ್ಷ ನರೇಗಾದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ (ಒಬ್ಬರ ಒಂದು ದಿನದ ಕೆಲಸ ಒಂದು ಮಾನವ ದಿನ) ಕೆಲಸ ಆಯಿತು, ಹಿಂದೆಂದೂ ಅಷ್ಟು ಆಗಿರಲಿಲ್ಲ. ನಗರದಲ್ಲಿ? ಹಣ ಕೊಡೋಣ ಅಂದರೂ ಯಾರಿಗೆ ಕೊಡುವುದು ಅಂತ ಪಟ್ಟಿಯೇ ಇರಲಿಲ್ಲ. ಇದ್ದ ಪಟ್ಟಿಗಳಿಗೆ ಅಷ್ಟಿಷ್ಟು ಹೋಯಿತು: 2021ರ ಎರಡನೇ ಅಲೆಯಲ್ಲಿ ಪರ್ಮಿಟ್ ಇರುವ ರಿಕ್ಷಾದವರಿಗೆ, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ರಾಜ್ಯ ಸರ್ಕಾರ ತಲಾ 1,500 ರೂಪಾಯಿ ಘೋಷಿಸಿತು. ನಾಕಾದಲ್ಲಿ ನಿಂತು ಕೆಲಸ ಹುಡುಕುವವರಲ್ಲಿ ನೋಂದಣಿ ಮಾಡಿಸಿಕೊಂಡವರು ಎಷ್ಟು ಜನ?

ಇನ್ನೊಂದು ಮಾತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾಯ್ದೆ ತಂದಿತು, 100 ದಿನದ ಬದಲು 125 ದಿನ. ದಿನ ಜಾಸ್ತಿಯಾದದ್ದು ಸಂತೋಷ. ಆದರೆ ಮೊದಲು ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು, ಈಗ ಹೆಚ್ಚಿನ ರಾಜ್ಯಗಳು ಶೇ. 40 ಹಾಕಬೇಕು. ಕುಸಿತ ಬಂದ ವರ್ಷವೇ ರಾಜ್ಯದ ಖಜಾನೆಯೂ ಬತ್ತಿರುತ್ತದೆ ಅಲ್ವಾ? ನನಗೆ ಭಯ ಇರುವುದು ಅಲ್ಲೇ.

ಥಾಣೆಯ ಹೋಟೆಲ್ ಮಾಲೀಕರು: ಕಷ್ಟದ ಕಾಲ ಅಂತ ಸರ್ಕಾರವೇ 10 ರೂಪಾಯಿಗೆ ಊಟ ಹಾಕಿದರೆ ನಮ್ಮ ರೈಸ್ ಪ್ಲೇಟ್ ಯಾರು ತಿನ್ನುತ್ತಾರೆ ಮಾರಾಯ್ರೆ?

ನಿಮ್ಮ ರೈಸ್ ಪ್ಲೇಟ್ ತಿನ್ನುವವನು ಶಿವಭೋಜನದ (ಮಹಾರಾಷ್ಟ್ರ ಸರ್ಕಾರದ ಆ 10 ರೂಪಾಯಿ ಊಟದ) ಸಾಲಿನಲ್ಲಿ ನಿಲ್ಲುವವನಲ್ಲ. ನಿಂತಿದ್ದಾನೆ ಅಂದರೆ ಅವನ ಕೈಯಲ್ಲಿ ನಿಮ್ಮ ಹೋಟೆಲಿಗೆ ಬರುವಷ್ಟು ಹಣ ಉಳಿದಿಲ್ಲ ಅಂತ ಅರ್ಥ. ಇನ್ನೊಂದು ವಿಷಯ, ಆ ಯೋಜನೆಯಲ್ಲಿ ಅಡುಗೆ ಮಾಡಿದ್ದು ಸರ್ಕಾರಿ ನೌಕರರಲ್ಲ. ಖಾನಾವಳಿ, ಹೋಟೆಲು, ಮಹಿಳಾ ಗುಂಪುಗಳೇ ನಡೆಸಿದ್ದು, ನಗರದಲ್ಲಿ ಒಂದು ತಾಟಿಗೆ 50 ರೂಪಾಯಿ ಲೆಕ್ಕ: ಗಿರಾಕಿಯಿಂದ 10, ಸರ್ಕಾರದಿಂದ 40. ಶುರುವಾದದ್ದು 2020ರ ಜನವರಿ 26ರಂದು. ಎರಡು ತಿಂಗಳಲ್ಲೇ ಲಾಕ್‌ಡೌನ್. ಒಲೆ ಆಗಲೇ ಹಚ್ಚಿತ್ತು, ಬೆಲೆ 5 ರೂಪಾಯಿಗೆ ಇಳಿಸುವುದಷ್ಟೇ ಬಾಕಿ. ಮರುವರ್ಷ ಕೆಲವು ತಿಂಗಳು ಪುಕ್ಕಟೆಯೂ ಕೊಟ್ಟರು.

ಪುಣೆ ಹತ್ತಿರದ ಭೋಸರಿಯಿಂದ: ಕಾರಿನ ಬಿಡಿಭಾಗ ಮಾಡುವ ನನ್ನ ಸಣ್ಣ ವರ್ಕ್‌ಶಾಪ್‌ನಲ್ಲಿ 14 ಜನ ಇದ್ದಾರೆ, ಅರ್ಧ ಜನ ಬೆಳಗಾವಿ, ವಿಜಯಪುರದವರು. ಆರ್ಡರ್ ನಿಂತರೆ ಅವರನ್ನು ಕಳಿಸಬೇಕಾಗುತ್ತದೆ. ಪಗಾರದಲ್ಲಿ ಒಂದು ಪಾಲು ಸರ್ಕಾರ ಕೊಟ್ಟರೆ ಉಳಿಸಿಕೊಳ್ಳಬಹುದು. ಅಂಥದ್ದು ಎಲ್ಲಾದರೂ ಇದೆಯಾ?

ಜರ್ಮನಿಯಲ್ಲಿದೆ. ಆರ್ಡರ್ ಕಡಿಮೆಯಾದರೆ ಅಲ್ಲಿ ಆಳು ಕಡಿಮೆ ಮಾಡುವ ಬದಲು ಎಲ್ಲರ ಕೆಲಸದ ಹೊತ್ತು ಕಡಿಮೆ ಮಾಡುತ್ತಾರೆ. ಅದರಿಂದ ಕಾರ್ಮಿಕನಿಗೆ ಎಷ್ಟು ಪಗಾರ ಕೈತಪ್ಪುತ್ತದೋ ಅದರ ಶೇ. 60ನ್ನು, ಮಕ್ಕಳಿದ್ದರೆ ಶೇ. 67ನ್ನು, ವಿಮಾ ನಿಧಿ ತುಂಬಿಕೊಡುತ್ತದೆ. 2009ರಲ್ಲಿ ಅವರ ಒಟ್ಟು ಉತ್ಪಾದನೆ ಸುಮಾರು ಶೇ. 5 ಬಿದ್ದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಆರ್ಡರ್ ಮತ್ತೆ ಬಂದಾಗ ಕೆಲಸ ಬಲ್ಲ ಕೈಗಳು ಮೆಷಿನ್ ಹತ್ತಿರವೇ ಇದ್ದವು. ಒಬ್ಬ ಒಳ್ಳೆಯ ಟರ್ನರ್‌ನನ್ನು ಕಳೆದುಕೊಂಡರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮಲ್ಲಿ 2020ರಲ್ಲಿ ನಿಮ್ಮಂಥವರಿಗೆ ಬಂದದ್ದು ಮುಖ್ಯವಾಗಿ ಸಾಲ. ಹಳೆಯ ಸಾಲದ ಶೇ. 20ರಷ್ಟು ಹೊಸ ಸಾಲ, ಅಡಮಾನ ಬೇಡ, ಗ್ಯಾರಂಟಿ ಸರ್ಕಾರದ್ದು, ಒಟ್ಟು 3 ಲಕ್ಷ ಕೋಟಿಯ ಯೋಜನೆ. ಅದರಿಂದ ಎಷ್ಟೋ ವರ್ಕ್‌ಶಾಪ್ ಉಳಿದವು, ನಿಜ. ಆದರೆ ಮೊದಲೇ ಬ್ಯಾಂಕ್ ಸಾಲ ಇಲ್ಲದವನಿಗೆ ಶೇ. 20 ಅಂದರೆ ಸೊನ್ನೆ. ಪಗಾರದ ಕಡೆಯ ನೆರವು ಅಂದರೆ ಪಿ.ಎಫ್. ಮಾತ್ರ. 100 ಜನರವರೆಗಿನ, ಹೆಚ್ಚಿನವರ ಪಗಾರ 15,000ಕ್ಕಿಂತ ಕಡಿಮೆ ಇದ್ದ ಕಡೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನೌಕರನದು, ಮಾಲೀಕನದು ಎರಡೂ ಪಾಲನ್ನು, ಒಟ್ಟು ಪಗಾರದ ಶೇ. 24ನ್ನು, ಕೇಂದ್ರವೇ ಕಟ್ಟಿತು. ಪಿ.ಎಫ್. ಕಡ್ಡಾಯ ಆಗುವುದು 20 ಜನರಿಂದ. ನೀವಾಗಿಯೇ ನೋಂದಣಿ ಮಾಡಿಸದಿದ್ದರೆ ನಿಮ್ಮ 14 ಜನ ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) 10 ಜನರಿಂದಲೇ ಅನ್ವಯಿಸುತ್ತದೆ, ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರಿಗೆ. ಅದನ್ನು ಬರೀ ಆಸ್ಪತ್ರೆಯ ಕಾರ್ಡ್ ಅಂದುಕೊಂಡವರೇ ಹೆಚ್ಚು. ಅದರಡಿ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಅನ್ನೋ ನಿರುದ್ಯೋಗ ಭತ್ಯೆ ಇದೆ. 2020ರಲ್ಲಿ ಅದನ್ನು ಸರಾಸರಿ ಪಗಾರದ ಶೇ. 25ರಿಂದ 50ಕ್ಕೆ ಏರಿಸಿದರು. 90 ದಿನದವರೆಗೆ, ಜೀವಮಾನದಲ್ಲಿ ಒಂದೇ ಸಲ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಆದ್ದರಿಂದ ಅರ್ಜಿ ಹಾಕುವ ಮೊದಲು ಇ.ಎಸ್.ಐ. ಕಚೇರಿಯಲ್ಲಿ ವಿಚಾರಿಸಿ. ನಿಮ್ಮವರ ಕಂತು ಬಾಕಿ ಇದ್ದರೆ ಈಗಲೇ ಕಟ್ಟಿಬಿಡಿ. ಕೆಲಸ ಹೋದ ಮೇಲೆ ಕಟ್ಟುತ್ತೇನೆ ಅಂದರೆ ಆಗುವುದಿಲ್ಲ.

ವಾಸ್ಕೋದಿಂದ ಗೌಂಡಿ ಕೆಲಸದವರು: ಸಾಹೇಬ್ರ, ನಮ್ಮೂರು ಬಾಗಲಕೋಟಿ ಕಡೆ. ಲಾಕ್‌ಡೌನ್‌ದಾಗ ರೇಷನ್ ಕಾರ್ಡ್ ಊರಾಗ ಐತಿ ಅಂತ ಇಲ್ಲಿ ಕಾಳು ಕೊಡಲಿಲ್ಲ. ಇನ್ನೊಮ್ಮೆ ಹಂಗಾದ್ರ ಮತ್ತ ಅದೇ ಹಣೆಬರಹ ಏನ್ರಿ?

ಅಲ್ಲ, ಈಗ ಹಾಗಾಗಬಾರದು. ಕಾಗದದ ಮೇಲೆ ನೋಡಿದರೆ ಆಗಲೂ ಹಾಗಾಗಬಾರದಿತ್ತು. ಬೇರೆ ರಾಜ್ಯದ ಕಾರ್ಡಿಗೂ ಧಾನ್ಯ ಕೊಡುವ ವ್ಯವಸ್ಥೆಗೆ ಕರ್ನಾಟಕ, ಗೋವಾ ಎರಡೂ 2020ರ ಜನವರಿಯಲ್ಲೇ ಸೇರಿದ್ದವು. ಆದರೆ ಆಗ ಅದು ಅಂಗಡಿಯವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಕಾರ್ಡಿಲ್ಲದ ವಲಸಿಗರಿಗೆ ಪುಕ್ಕಟೆ ಧಾನ್ಯ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಏಳು ವಾರ! ಅಷ್ಟರಲ್ಲಿ ಜನ ನಡೆದುಕೊಂಡೇ ಊರು ಸೇರಿದ್ದರು.

ನೀವು ಮಾಡಬೇಕಾದದ್ದು ಇಷ್ಟು. ಊರಿನ ಕಾರ್ಡಿನಲ್ಲಿ ಮನೆಯವರೆಲ್ಲರ ಆಧಾರ್ ಜೋಡಣೆ ಆಗಿದೆಯಾ ನೋಡಿ. ಆಗಿದ್ದರೆ ವಾಸ್ಕೋದ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ನಿಮ್ಮ ಪಾಲು ತೆಗೆದುಕೊಳ್ಳಬಹುದು, ಊರಲ್ಲಿರುವವರು ಅವರ ಪಾಲನ್ನು ಅಲ್ಲೇ ತೆಗೆದುಕೊಳ್ಳಲಿ. ಸಿಗುವುದು ಕೇಂದ್ರದ ಲೆಕ್ಕದ ಧಾನ್ಯ ಮಾತ್ರ, ಕರ್ನಾಟಕ ಸರ್ಕಾರ ಮೇಲೆ ಕೊಡುವುದು ಇಲ್ಲಿ ಸಿಗುವುದಿಲ್ಲ. ಕಷ್ಟಕಾಲ ಬರುವವರೆಗೆ ಕಾಯಬೇಡಿ, ಈ ತಿಂಗಳೇ ಒಮ್ಮೆ ತೆಗೆದು ನೋಡಿ.

ಅಂಧೇರಿಯಿಂದ: ಅಷ್ಟೆಲ್ಲ ಕಷ್ಟ ಯಾಕೆ? ರಿಸರ್ವ್ ಬ್ಯಾಂಕ್ ನಮ್ಮ ಫೋರ್ಟ್‌ನಲ್ಲೇ ಇದೆ. ನೋಟು ಅಚ್ಚು ಹಾಕಿ ಹಂಚಬಾರದೇ?

ಒಂದು ಮಟ್ಟಿಗೆ ಹಂಚಬಹುದು. ಗಿರಾಕಿ ಇಲ್ಲದೆ ಕಾರ್ಖಾನೆ ಖಾಲಿ ಕೂತಿರುವಾಗ ಹೊಸ ಹಣ ಬಂದರೆ ಬೆಲೆ ಒಮ್ಮೆಲೇ ಏರುವುದಿಲ್ಲ, ಮೊದಲು ಮೆಷಿನ್ ತಿರುಗುತ್ತದೆ. ತೊಂದರೆ ಇರುವುದು ನಿಲ್ಲಿಸುವುದರಲ್ಲಿ. ನೋಟು ಹಂಚದೆ ಬಡ್ಡಿ, ತೆರಿಗೆ ಇಳಿಸಿದಾಗಲೂ ಹೀಗೇ ಆಯಿತು. 2008ರ ಅಕ್ಟೋಬರ್‌ನಿಂದ ಆರೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಶೇ. 9ರಿಂದ 4.75ಕ್ಕೆ ಇಳಿಸಿತು, ಕೇಂದ್ರ ಅಬಕಾರಿ ಸುಂಕ ಕಡಿತ ಮಾಡಿತು. ದೇಶ ಬೇಗ ಎದ್ದು ನಿಂತಿತು. ಆದರೆ ಎದ್ದ ಮೇಲೂ ಕೊಟ್ಟ ರಿಯಾಯಿತಿ ವಾಪಸ್ ತೆಗೆಯಲು ತಡವಾಯಿತು. ಬೆಲೆ ಏರಿತು, 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ 13 ಸಲ ಬಡ್ಡಿ ಏರಿಸಬೇಕಾಯಿತು. ಆಗ ಮನೆ ಸಾಲ ಇದ್ದವರನ್ನು ಕೇಳಿ ನೋಡಿ, ಇ.ಎಂ.ಐ. ಕಥೆ ಹೇಳುತ್ತಾರೆ.

ಮಾಟುಂಗಾದ ಹಿರಿಯ ನಾಗರಿಕರು: ನಿವೃತ್ತಿಯ ಹಣವನ್ನು ಒಂದು ಸಹಕಾರಿ ಬ್ಯಾಂಕಿನಲ್ಲಿ 8 ಲಕ್ಷ, ಪರಿಚಯದವರ ಪತಪೇಢಿಯಲ್ಲಿ (ಸಹಕಾರಿ ಪತ್ತಿನ ಸಂಘದಲ್ಲಿ) 3 ಲಕ್ಷ ಇಟ್ಟಿದ್ದೇನೆ. ದೊಡ್ಡ ಕುಸಿತ ಬಂದು ಅವು ಮುಳುಗಿದರೆ ಸರ್ಕಾರ ಕೊಡುತ್ತದೆಯೇ?

ಬ್ಯಾಂಕಿನದು 5 ಲಕ್ಷದವರೆಗೆ ಬರುತ್ತದೆ, ಅಸಲು ಬಡ್ಡಿ ಎರಡೂ ಸೇರಿ. ಕೊಡುವುದು ಠೇವಣಿ ವಿಮಾ ನಿಗಮ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿ ಜನ ಬೀದಿಗೆ ಬಂದ ಮೇಲೆ ಕಾಯ್ದೆ ಮಾಡಿ 1962ರ ಜನವರಿಯಿಂದ ಇದನ್ನು ಶುರು ಮಾಡಿದರು. ಅಮೆರಿಕ 1933ರಲ್ಲಿ ಕಲಿತದ್ದನ್ನು ನಾವು ಆಗ ಕಲಿತೆವು. ಮೊದಲು ಮಿತಿ 1,500 ರೂಪಾಯಿ ಇತ್ತು, 1993ರಲ್ಲಿ 1 ಲಕ್ಷವಾಯಿತು, 2020ರ ಫೆಬ್ರುವರಿಯಲ್ಲಿ 5 ಲಕ್ಷ. ಹಿಂದೆ ಬ್ಯಾಂಕಿಗೆ ಬೀಗ ಬಿದ್ದರೆ ವಿಮೆ ಹಣಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. 2021ರ ತಿದ್ದುಪಡಿಯ ನಂತರ, ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದ 90 ದಿನದೊಳಗೆ ಕೊಡಬೇಕು.

ನಿಮ್ಮ 8 ಲಕ್ಷ ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿದ್ದರೂ ಒಂದೇ ಲೆಕ್ಕ. ಅದರಲ್ಲಿ 3 ಲಕ್ಷಕ್ಕಿಂತ ಸ್ವಲ್ಪ ಹೆಚ್ಚೇ, ಬಡ್ಡಿಯೂ ಸೇರಿ 5 ಲಕ್ಷದೊಳಗೆ ಉಳಿಯುವ ಹಾಗೆ, ಬೇರೆ ಬ್ಯಾಂಕಿಗೆ ಹಾಕಿ. ಪತಪೇಢಿಗೆ ಮಾತ್ರ ಈ ವಿಮೆ ಇಲ್ಲವೇ ಇಲ್ಲ. ಅದು ಸಹಕಾರಿ ಸಂಘ, ಬ್ಯಾಂಕಲ್ಲ, ಎಷ್ಟೇ ಪರಿಚಯದವರಾಗಿರಲಿ. ಅವರು ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂತ ಬರೆದಿದ್ದೀರಿ. ನಿಮ್ಮ ವಯಸ್ಸಿಗೆ ಆ ಒಂದೆರಡು ಪರ್ಸೆಂಟ್‌ಗಾಗಿ 3 ಲಕ್ಷವನ್ನು ಅಲ್ಲಿಡುವುದು ಬೇಡ. ಅವಧಿ ಮುಗಿದ ದಿನ ತೆಗೆದುಬಿಡಿ, ರಿನ್ಯೂ ಮಾಡಬೇಡಿ.